ಹೈಪರ್ 1ನೇ ಆವೃತ್ತಿ: ನೆಟ್‌ವರ್ಕ್ ಕಡಿದ ಮೇಲೆ ರಿಕ್ವೆಸ್ಟ್ ಕಾಲು ಗಂಟೆ ನಿಂತುಬಿಡುವುದೇಕೆ?

ಪ್ರಶ್ನೆ: ಚಿಂಚವಡ, ಪುಣೆ

ಎಲ್ಲರಿಗೂ ನಮಸ್ಕಾರ.

ಇಲ್ಲಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಚಾಕಣ ಮತ್ತು ಭೋಸರಿಯ ಕಾರ್ಖಾನೆಗಳಲ್ಲಿ ವಿದ್ಯುತ್ ಮೀಟರುಗಳ ಅಂಕಿಗಳನ್ನು ಓದಿ, 10 ಸೆಕೆಂಡಿಗೊಮ್ಮೆ ನವಿ ಮುಂಬಯಿಯಲ್ಲಿರುವ ನಮ್ಮ ಸರ್ವರಿಗೆ ಕಳುಹಿಸುವ ಪುಟ್ಟ ಲಿನಕ್ಸ್ ಪೆಟ್ಟಿಗೆಗಳಿಗೆ ತಂತ್ರಾಂಶ ಬರೆಯುವುದು ನನ್ನ ಹೊಣೆ. ಮೀಟರಿನ ಕಡೆಗೆ ಆರ್‌ಎಸ್-485 ಎಂಬ ಸೀರಿಯಲ್ ತಂತಿಯ ಮೇಲೆ ಮಾಡ್‌ಬಸ್ (ಇಂಥ ಉಪಕರಣಗಳಿಂದ ಅಂಕಿ ಓದುವ ಸಂವಹನ ಪದ್ಧತಿ) ಇದೆ. ಸರ್ವರಿನ ಕಡೆಗೆ 4ಜಿ ರೌಟರಿನ ಮೂಲಕ ಟಿಎಲ್‌ಎಸ್ ಎಂಬ ಗೂಢಲಿಪಿಯ ಸುರಕ್ಷಾ ಪದರ, ಅದರ ಮೇಲೆ ಎಚ್‌ಟಿಟಿಪಿ/1.1.

ತಂತ್ರಾಂಶ ರಸ್ಟ್ ಭಾಷೆಯಲ್ಲಿದೆ, ಎಚ್‌ಟಿಟಿಪಿಗೆ ಹೈಪರ್ ಲೈಬ್ರರಿಯನ್ನು ಬಳಸುತ್ತೇವೆ. 0.14ನೇ ಆವೃತ್ತಿಯಲ್ಲಿ ‘ಕ್ಲೈಂಟ್’ ಎಂಬ ಒಂದು ವಸ್ತುವಿನ ಕೈಗೆ ರಿಕ್ವೆಸ್ಟ್ ಕೊಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತಿತ್ತು. ಈಚೆಗೆ 1ನೇ ಆವೃತ್ತಿಗೆ ಬದಲಾಯಿಸಿದಾಗ ಆ ಕ್ಲೈಂಟ್ ಮೂಲ ಲೈಬ್ರರಿಯಲ್ಲಿ ಕಾಣಲಿಲ್ಲ. ನಮ್ಮ ಪೆಟ್ಟಿಗೆಯಲ್ಲಿ ಮೆಮೊರಿ ಕಡಿಮೆ ಮತ್ತು ಮಾತನಾಡಬೇಕಾದದ್ದು ಒಂದೇ ಸರ್ವರಿನೊಡನೆ. ಹೀಗಾಗಿ ಕನೆಕ್ಷನ್ ಪೂಲ್ (ತೆರೆದ ಕನೆಕ್ಷನ್ನುಗಳನ್ನು ಮರುಬಳಕೆಗೆ ಕೂಡಿಡುವ ವ್ಯವಸ್ಥೆ) ಬೇಡವೆಂದುಕೊಂಡು, ಟಿಸಿಪಿ ಕನೆಕ್ಷನ್ನನ್ನು ನಾನೇ ತೆರೆದು, ಹೈಪರಿನ ‘ಹ್ಯಾಂಡ್‌ಶೇಕ್’ ಫಂಕ್ಷನ್ನಿಗೆ ನೇರವಾಗಿ ಒಪ್ಪಿಸುವ ದಾರಿ ಹಿಡಿದೆ.

ಮೊದಲು ಎದುರಾದ ತೊಂದರೆಯೆಂದರೆ, ರಿಕ್ವೆಸ್ಟ್ ಕಳುಹಿಸಿ ‘ಅವೇಟ್’ ಮಾಡಿದ, ಅಂದರೆ ಉತ್ತರಕ್ಕೆ ಕಾಯುವ ಸಾಲಿನಲ್ಲಿಯೇ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಸರ್ವರಿಗೆ ಒಂದು ಬೈಟ್ ಕೂಡ ಹೋಗುತ್ತಿರಲಿಲ್ಲ. ಹ್ಯಾಂಡ್‌ಶೇಕ್ ಹಿಂತಿರುಗಿಸುವ ಎರಡು ವಸ್ತುಗಳಲ್ಲಿ ‘ಕನೆಕ್ಷನ್’ ಎಂಬುದನ್ನು ಬೇರೊಂದು ಟಾಸ್ಕಿನಲ್ಲಿ ಸ್ಪಾನ್ ಮಾಡಬೇಕೆಂದು (ಜೊತೆಜೊತೆಗೆ ಓಡಲು ಬಿಡಬೇಕೆಂದು) ಒಂದು ಉದಾಹರಣೆಯಲ್ಲಿ ನೋಡಿ ಹಾಗೆಯೇ ಮಾಡಿದೆ, ಕೆಲಸ ಮಾಡಿತು. ಆದರೆ ಕಾರಣ ನನಗೆ ಪೂರ್ತಿ ತಿಳಿದಿಲ್ಲ.

ಎರಡನೆಯದು ಗಂಭೀರವಾದದ್ದು. ಜುಲೈ ತಿಂಗಳ ಮಳೆಯಲ್ಲಿ ಚಾಕಣದ 4ಜಿ ಸಿಗ್ನಲ್ ಆಗಾಗ್ಗೆ ಹೋಗುತ್ತಿತ್ತು. ಸಿಗ್ನಲ್ ಒಂದೆರಡು ನಿಮಿಷದಲ್ಲಿ ಮರಳಿದರೂ ನಮ್ಮ ಪ್ರೋಗ್ರಾಂ ಮರಳಲಿಲ್ಲ. ಲಾಗ್ ನೋಡಿದರೆ ಹಲವು ಸಲ ಹದಿನೈದೂವರೆ ನಿಮಿಷದ ಹೊತ್ತಿಗೆ ‘ಕನೆಕ್ಷನ್ ಟೈಮ್ಡ್ ಔಟ್’ ಎಂಬ ದೋಷ ಬಂದಿದೆ. ಎರಡು ಸಲ ಅದೂ ಬರದೆ, ಬೆಳಿಗ್ಗೆ ನಾವು ಪೆಟ್ಟಿಗೆಯನ್ನು ಮರುಚಾಲನೆ ಮಾಡುವವರೆಗೆ ರಾತ್ರಿಯಿಡೀ ಅಂಕಿಗಳು ಬಂದಿಲ್ಲ. ಹದಿನೈದೂವರೆ ನಿಮಿಷ ಎಂಬ ಸಂಖ್ಯೆ ನನ್ನ ಕೋಡಿನಲ್ಲಿ ಎಲ್ಲಿಯೂ ಇಲ್ಲ, ಹೈಪರಿನ ದಾಖಲೆಯಲ್ಲಿಯೂ ಸಿಗಲಿಲ್ಲ. ಅದು ಎಲ್ಲಿಂದ ಬರುತ್ತದೆ? ಒಮ್ಮೆ ದೋಷ ಬಂದು ಮತ್ತೊಮ್ಮೆ ಬಾರದಿರುವುದೇಕೆ? ಎಚ್‌ಟಿಟಿಪಿ/2ಕ್ಕೆ ಹೋದರೆ ಈ ಸಮಸ್ಯೆ ತಪ್ಪುತ್ತದೆಯೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಮುಲುಂಡ್, ಮುಂಬಯಿ

ನಮಸ್ಕಾರ. ನಿಮ್ಮ ಎರಡೂ ತೊಂದರೆಗಳ ಬೇರು ಒಂದೇ ಎಂದು ನನಗೆ ತೋರುತ್ತದೆ. ಹೈಪರ್ 1ನೇ ಆವೃತ್ತಿಯು ನೀವು ಕೊಟ್ಟ ಸಾಕೆಟ್ಟಿನ (ತೆರೆದ ಕನೆಕ್ಷನ್ನಿನ ತುದಿಯ) ಮೇಲೆ ಎಚ್‌ಟಿಟಿಪಿಯನ್ನು ಸರಿಯಾಗಿ ಮಾತನಾಡುತ್ತದೆ, ಅಷ್ಟೆ. ಯಾವ ಟಾಸ್ಕಿನಲ್ಲಿ ಓಡಬೇಕು, ಎಷ್ಟು ಹೊತ್ತು ಕಾಯಬೇಕು, ವಿಫಲವಾದರೆ ಮತ್ತೆ ಕಳುಹಿಸಬೇಕೆ ಎಂಬ ತೀರ್ಮಾನಗಳನ್ನು ಅದು ತೆಗೆದುಕೊಳ್ಳುವುದಿಲ್ಲ. 0.14ರಲ್ಲಿದ್ದ ಕ್ಲೈಂಟ್ ಇವುಗಳಲ್ಲಿ ಕೆಲವನ್ನು ನಿಮ್ಮ ಪರವಾಗಿ ಮಾಡುತ್ತಿತ್ತು. 2023ರ ನವೆಂಬರ್‌ನಲ್ಲಿ 1.0 ಬಿಡುಗಡೆಯಾದಾಗ ಆ ಕ್ಲೈಂಟನ್ನು ‘ಹೈಪರ್-ಯುಟಿಲ್’ ಎಂಬ ಬೇರೆ ಕ್ರೇಟಿಗೆ (ರಸ್ಟಿನಲ್ಲಿ ಲೈಬ್ರರಿಗಿರುವ ಹೆಸರು), ‘ಲೆಗಸಿ’ ಎಂಬ ಹೆಸರಿನಡಿ ಸಾಗಿಸಲಾಯಿತು. ಮೂಲದಲ್ಲಿ ಉಳಿದದ್ದು ಒಂದೊಂದು ಕನೆಕ್ಷನ್ನಿನ ಮಟ್ಟದ ಕೆಲಸ ಮಾತ್ರ. ರಸ್ಟಿನಲ್ಲಿ ಟಾಸ್ಕುಗಳನ್ನು ಓಡಿಸುವ ಟೋಕಿಯೋ ರನ್‌ಟೈಮಿನ ಮೇಲೆ ಕೂಡ ಈಗ ಅದು ನೇರವಾಗಿ ಅವಲಂಬಿತವಾಗಿಲ್ಲ. ಓದು, ಬರಹ, ಟೈಮರ್ ಇವುಗಳಿಗೆ ತನ್ನದೇ ಟ್ರೇಟ್‌ಗಳನ್ನು (ಹೊರಗಿನ ಕೋಡ್ ಒದಗಿಸಬೇಕಾದ ಫಂಕ್ಷನ್ನುಗಳ ಪಟ್ಟಿ) ಇಟ್ಟುಕೊಂಡಿದೆ, ಟೋಕಿಯೋ ಸಾಕೆಟ್ಟನ್ನು ‘ಟೋಕಿಯೋಐಒ’ ಎಂಬ ಹೊದಿಕೆಯಲ್ಲಿಟ್ಟು ಕೊಡಬೇಕು. ಹೊರಗಿನಿಂದ ಟೈಮರ್ ಕೊಡದಿದ್ದರೆ ಈ ಲೈಬ್ರರಿಗೆ ಗಡಿಯಾರವೇ ಇಲ್ಲ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ.

ಮೊದಲ ಪ್ರಶ್ನೆಗೆ ಬರೋಣ. ರಸ್ಟಿನಲ್ಲಿ ಫ್ಯೂಚರ್, ಅಂದರೆ ಮುಂದೆ ಮುಗಿಯಲಿರುವ ಕೆಲಸ ಎಂಬುದು ತಾನಾಗಿ ಓಡುವುದಿಲ್ಲ. ಯಾರಾದರೂ ಅದನ್ನು ಪೋಲ್ ಮಾಡಿದಾಗ (ಕೆಲಸ ಮುಂದುವರಿಸಲು ಕರೆದಾಗ) ಮಾತ್ರ ಒಂದು ಹೆಜ್ಜೆ ಮುಂದಿಡುತ್ತದೆ. ಹ್ಯಾಂಡ್‌ಶೇಕ್ ಕೊಡುವ ಎರಡರಲ್ಲಿ ‘ಸೆಂಡ್‌ರಿಕ್ವೆಸ್ಟ್’ ಎಂಬುದು ರಿಕ್ವೆಸ್ಟನ್ನು ಒಳಗಿನ ಒಂದು ಚಾನೆಲ್ಲಿಗೆ ಹಾಕಿ, ಉತ್ತರಕ್ಕಾಗಿ ಕಾಯುವ ಹಿಡಿಕೆ. ಸಾಕೆಟ್ಟು ಇರುವುದು ‘ಕನೆಕ್ಷನ್’ ಎಂಬ ಇನ್ನೊಂದರ ಬಳಿ. ಚಾನೆಲ್ಲಿನಿಂದ ರಿಕ್ವೆಸ್ಟ್ ಎತ್ತಿಕೊಳ್ಳುವುದು, ಹೆಡರುಗಳನ್ನು (ಸಂದೇಶದ ಮೊದಲಿನ ವಿವರದ ಸಾಲುಗಳನ್ನು) ಬೈಟುಗಳಾಗಿ ಬರೆಯುವುದು, ಬಂದ ಬೈಟುಗಳನ್ನು ಓದಿ ಉತ್ತರವಾಗಿಸುವುದು ಎಲ್ಲವೂ ಅದರದೇ ಕೆಲಸ. ಅದನ್ನು ಯಾರೂ ಪೋಲ್ ಮಾಡದಿದ್ದರೆ ನಿಮ್ಮ ರಿಕ್ವೆಸ್ಟ್ ಚಾನೆಲ್ಲಿನಲ್ಲಿಯೇ ಕುಳಿತಿರುತ್ತದೆ. ಸ್ಪಾನ್ ಮಾಡುವಾಗ ಒಂದು ಎಚ್ಚರಿಕೆ ವಹಿಸಿ: ಸಾಕೆಟ್ಟಿನಲ್ಲಿ ಆದ ದೋಷದ ಪೂರ್ತಿ ವಿವರ ಹಲವು ಸಲ ಆ ಕನೆಕ್ಷನ್ ಫ್ಯೂಚರಿನ ಫಲಿತಾಂಶವಾಗಿ ಬರುತ್ತದೆ, ಅದನ್ನು ಕಡೆಗಣಿಸದೆ ಲಾಗಿಗೆ ಬರೆಯಿರಿ.

ಇನ್ನು ಹದಿನೈದೂವರೆ ನಿಮಿಷದ ವಿಷಯ. ಅದು ಹೈಪರಿನದಲ್ಲ, ಲಿನಕ್ಸ್ ಕರ್ನಲ್ಲಿನದು (ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನದು). ನೀವು ಬರೆದ ಬೈಟುಗಳಿಗೆ ಆ ಕಡೆಯಿಂದ ಸ್ವೀಕೃತಿ ಬಾರದಿದ್ದರೆ ಕರ್ನಲ್ ಅವನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಪ್ರತಿ ಯತ್ನದ ನಡುವಿನ ಅಂತರ ಇಮ್ಮಡಿಯಾಗುತ್ತ ಹೋಗಿ 120 ಸೆಕೆಂಡಿಗೆ ಬಂದು ನಿಲ್ಲುತ್ತದೆ. ಎಷ್ಟು ಯತ್ನಗಳ ನಂತರ ಕೈಚೆಲ್ಲಬೇಕು ಎಂಬುದನ್ನು ‘ಟಿಸಿಪಿ ರಿಟ್ರೈಸ್2’ ಎಂಬ ಕರ್ನಲ್ ಸೆಟ್ಟಿಂಗ್ ನಿರ್ಧರಿಸುತ್ತದೆ. ಅದರ ಮೂಲ ಬೆಲೆ 15. ಮೊದಲ ಅಂತರ 0.2 ಸೆಕೆಂಡ್ ಎಂದು ಹಿಡಿದು ಕೂಡಿಸಿದರೆ ಒಟ್ಟು 924.6 ಸೆಕೆಂಡ್, ಅಂದರೆ 15 ನಿಮಿಷ 24.6 ಸೆಕೆಂಡ್ ಆಗುತ್ತದೆ. 4ಜಿಯಂತಹ ನಿಧಾನದ ದಾರಿಯಲ್ಲಿ ಮೊದಲ ಅಂತರವೇ ಹೆಚ್ಚಿರುವುದರಿಂದ ನಿಮ್ಮ ಲಾಗಿನಲ್ಲಿ ಇದಕ್ಕಿಂತ ತುಸು ಹೆಚ್ಚು ಕಂಡಿರಬೇಕು.

ರಾತ್ರಿಯಿಡೀ ಕಾದ ಪ್ರಸಂಗ ಬೇರೆ. ಅಲ್ಲಿ ರಿಕ್ವೆಸ್ಟಿನ ಬೈಟುಗಳು ಸರ್ವರನ್ನು ಮುಟ್ಟಿ, ಸ್ವೀಕೃತಿಯೂ ಬಂದು, ಉತ್ತರ ಬರುವ ಮುನ್ನ ಸಿಗ್ನಲ್ ಹೋಗಿದೆ. ಈಗ ಪೆಟ್ಟಿಗೆಯ ಕರ್ನಲ್ಲಿಗೆ ಮತ್ತೆ ಕಳುಹಿಸಬೇಕಾದದ್ದು ಏನೂ ಇಲ್ಲ, ಆದ್ದರಿಂದ ಎಣಿಸುವುದಕ್ಕೆ ಯತ್ನಗಳೂ ಇಲ್ಲ. ಸರ್ವರ್ ತನ್ನ ಕಡೆಯಿಂದ ಕನೆಕ್ಷನ್ನನ್ನು ಎಂದೋ ಮುಚ್ಚಿರಬಹುದು, ಆದರೆ ಮುಚ್ಚಿದ ಸುದ್ದಿ ನಿಮ್ಮನ್ನು ತಲುಪಿಲ್ಲ. ಎದುರಿನ ಕಡೆ ಇನ್ನೂ ಇದೆಯೇ ಎಂದು ಆಗಾಗ ತಪಾಸಿಸುವ ಟಿಸಿಪಿ ಕೀಪ್‌ಅಲೈವ್ ಹಾಕದಿದ್ದರೆ ಇಂತಹ ಅರ್ಧ ತೆರೆದ ಕನೆಕ್ಷನ್ನಿನ ಮೇಲೆ ಓದುವವನು ಮಿತಿಯಿಲ್ಲದೆ ಕಾಯುತ್ತಾನೆ. ಹಾಕಿದರೂ ಲಿನಕ್ಸಿನ ಮೂಲ ಬೆಲೆಗಳು ನಮ್ಮ ಕೆಲಸಕ್ಕೆ ಒದಗುವಂಥವಲ್ಲ: ಮೊದಲ ತಪಾಸಣೆ 7200 ಸೆಕೆಂಡಿನ ನಂತರ, ಆಮೇಲೆ 75 ಸೆಕೆಂಡಿಗೊಂದರಂತೆ 9 ಯತ್ನಗಳು, ಒಟ್ಟು 2 ಗಂಟೆ 11 ನಿಮಿಷಕ್ಕೂ ಹೆಚ್ಚು.

ಪರಿಹಾರವನ್ನು ಎರಡು ಮಟ್ಟದಲ್ಲಿ ಮಾಡಬೇಕು. ಸಾಕೆಟ್ಟಿನ ಮಟ್ಟದಲ್ಲಿ ‘ಸಾಕೆಟ್2’ ಕ್ರೇಟ್ ಬಳಸಿ ಕೀಪ್‌ಅಲೈವ್ ಅವಧಿಗಳನ್ನು ಇಳಿಸಿ, ‘ಟಿಸಿಪಿ ಯೂಸರ್ ಟೈಮ್‌ಔಟ್’ ಎಂಬ ಆಯ್ಕೆಯನ್ನು 30 ಸೆಕೆಂಡಿಗೆ ಇಡಿ. ಕಳುಹಿಸಿದ ದತ್ತಾಂಶ ಅಷ್ಟು ಹೊತ್ತು ಸ್ವೀಕೃತಿಯಿಲ್ಲದೆ ಉಳಿದರೆ ಕರ್ನಲ್ ಕನೆಕ್ಷನ್ನನ್ನು ಕೊನೆಗೊಳಿಸುತ್ತದೆ. ಪ್ರೋಗ್ರಾಮಿನ ಮಟ್ಟದಲ್ಲಿ ಟೋಕಿಯೋದ ‘ಟೈಮ್‌ಔಟ್’ ಫಂಕ್ಷನ್ನಿನೊಳಗೆ ಇಡೀ ವ್ಯವಹಾರವನ್ನು ಇಡಿ. ಇಡೀ ವ್ಯವಹಾರ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಸೆಂಡ್‌ರಿಕ್ವೆಸ್ಟ್ ಮುಗಿಯುವುದು ಉತ್ತರದ ಹೆಡರುಗಳು ಬಂದಾಗ. ಬಾಡಿ, ಅಂದರೆ ಉತ್ತರದ ಮುಖ್ಯ ಭಾಗ, ಆಮೇಲೆ ಬರುತ್ತದೆ. ಹೆಡರಿಗೆ ಮಾತ್ರ ಟೈಮ್‌ಔಟ್ ಹಾಕಿ, ಬಾಡಿ ಓದುವ ಸಾಲನ್ನು ಹೊರಗೆ ಬಿಟ್ಟ ಕೋಡನ್ನು ನಾನು ಬಹಳ ಕಡೆ ಕಂಡಿದ್ದೇನೆ, ಒಮ್ಮೆ ನಾನೇ ಬರೆದು ಒಂದು ವಾರ ಹುಡುಕಿದ್ದೇನೆ.

ಟೈಮ್‌ಔಟ್ ಆದಾಗ ಉತ್ತರದ ಫ್ಯೂಚರ್ ಡ್ರಾಪ್ ಆಗುತ್ತದೆ, ಅಂದರೆ ಅದನ್ನು ಅರ್ಧಕ್ಕೇ ಕೈಬಿಡಲಾಗುತ್ತದೆ. ಎಚ್‌ಟಿಟಿಪಿ/1.1ರಲ್ಲಿ ಅರ್ಧಕ್ಕೆ ಬಿಟ್ಟ ಉತ್ತರದ ನಂತರ ಆ ಕನೆಕ್ಷನ್ನನ್ನು ಮತ್ತೆ ಬಳಸಲು ಬರುವುದಿಲ್ಲ, ಮುಂದೆ ಬರುವ ಬೈಟುಗಳು ಯಾವ ರಿಕ್ವೆಸ್ಟಿನ ಉತ್ತರವೆಂದು ಹೇಳಲಾಗುವುದಿಲ್ಲವಲ್ಲ. ಹೈಪರ್ ಅದನ್ನು ಮುಚ್ಚುತ್ತದೆ. ನೀವು ಹೊಸದಾಗಿ ಹ್ಯಾಂಡ್‌ಶೇಕ್ ಮಾಡಿ ಮುಂದುವರಿಯಬೇಕು.

ಎಚ್‌ಟಿಟಿಪಿ/2ರ ಬಗ್ಗೆ ಕೇಳಿದ್ದೀರಿ. ನಿಮ್ಮ ಕೆಲಸಕ್ಕೆ ಅದು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದೇ ಕನೆಕ್ಷನ್ನಿನಲ್ಲಿ ಹಲವು ರಿಕ್ವೆಸ್ಟುಗಳನ್ನು ಏಕಕಾಲಕ್ಕೆ ಸಾಗಿಸುವುದು ಅದರ ಮುಖ್ಯ ಲಾಭ. ನೀವು ಕಳುಹಿಸುವುದು 10 ಸೆಕೆಂಡಿಗೆ ಒಂದು. ಮೇಲಾಗಿ ಅಲ್ಲಿ ಟೈಮ್‌ಔಟ್ ಆಗಿ ಫ್ಯೂಚರ್ ಡ್ರಾಪ್ ಆದರೆ ಆ ಒಂದು ಸ್ಟ್ರೀಮ್ ಮಾತ್ರ ರದ್ದಾಗುತ್ತದೆ, ಕನೆಕ್ಷನ್ ಹಾಗೆಯೇ ಉಳಿಯುತ್ತದೆ. ಸತ್ತ ಕನೆಕ್ಷನ್ನಿನ ಮೇಲೆಯೇ ಮುಂದಿನ ರಿಕ್ವೆಸ್ಟೂ ಹೋಗಿ ಅದೂ ಟೈಮ್‌ಔಟ್ ಆಗುತ್ತದೆ. ಇದನ್ನು ತಡೆಯಲು, ಎದುರಿನ ಕಡೆ ಇದೆಯೇ ಎಂದು ಕೇಳುವ ಪಿಂಗ್ ಫ್ರೇಮುಗಳಿವೆ. ಹೈಪರಿನಲ್ಲಿ ‘ಕೀಪ್ ಅಲೈವ್ ಇಂಟರ್ವಲ್’ ಎಂಬ ಆಯ್ಕೆ ಮೊದಲಿಗೆ ಮುಚ್ಚಿಯೇ ಇರುತ್ತದೆ. ತೆರೆದರೆ ಪಿಂಗಿಗೆ 20 ಸೆಕೆಂಡಿನಲ್ಲಿ ಪ್ರತ್ಯುತ್ತರ ಬಾರದಾಗ ಕನೆಕ್ಷನ್ ಮುಚ್ಚುತ್ತದೆ. ಅದಕ್ಕೂ ಟೈಮರನ್ನು ನೀವೇ ಕೊಡಬೇಕು.

ಉತ್ತರ: ವಾಸ್ಕೊ, ಗೋವಾ

ಮುಲುಂಡಿನವರು ಹೇಳಿದ್ದು ಸರಿಯಾಗಿದೆ. ವೆರ್ಣಾ ಕೈಗಾರಿಕಾ ವಸಾಹತಿನಲ್ಲಿ ನಾವೂ ಇಂಥದೇ ಪೆಟ್ಟಿಗೆಗಳನ್ನು ಇಟ್ಟಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟೂ ಸಿಗ್ನಲ್ಲೂ ಒಟ್ಟಿಗೆ ಹೋಗುವ ಊರಿದು. ಅನುಭವದಿಂದ ಕಂಡ ಎರಡು ಸಂಗತಿಗಳನ್ನು ಸೇರಿಸುತ್ತೇನೆ.

ನಿಮ್ಮ ಮಾಡ್‌ಬಸ್ ಓದುವ ಕೋಡ್ ಯಾವ ಟಾಸ್ಕಿನಲ್ಲಿ ಓಡುತ್ತಿದೆ ಎಂಬುದನ್ನು ನೋಡಿ. ಮೆಮೊರಿ ಉಳಿಸಲು ಟೋಕಿಯೋವನ್ನು ಒಂದೇ ಥ್ರೆಡ್ಡಿನಲ್ಲಿ ಓಡಿಸುತ್ತಿದ್ದು, ಸೀರಿಯಲ್ ಪೋರ್ಟಿನ ಓದು ಥ್ರೆಡ್ಡನ್ನು ತಡೆದು ನಿಲ್ಲಿಸುವ ಸಾಮಾನ್ಯ ಓದಾಗಿದ್ದರೆ, ಮೀಟರ್ ಉತ್ತರಿಸುವವರೆಗೆ ಕನೆಕ್ಷನ್ ಟಾಸ್ಕಿಗೆ ಪೋಲ್ ಆಗುವ ಅವಕಾಶವೇ ಸಿಗುವುದಿಲ್ಲ. ಆಗ ಟೋಕಿಯೋದ ಟೈಮ್‌ಔಟ್ ಕೂಡ ಹೊತ್ತಿಗೆ ಸರಿಯಾಗಿ ಹಾರುವುದಿಲ್ಲ, ಏಕೆಂದರೆ ಅದನ್ನು ಎಬ್ಬಿಸಬೇಕಾದ ಥ್ರೆಡ್ಡೇ ಸಿಕ್ಕಿಬಿದ್ದಿರುತ್ತದೆ. ನಮ್ಮಲ್ಲಿ ಒಂದು ಮೀಟರ್ ಕೆಟ್ಟು ಮೌನವಾದಾಗ ಇಡೀ ಪೆಟ್ಟಿಗೆ ಸರ್ವರಿನಿಂದ ದೂರವಾದದ್ದು ಹೀಗೆಯೇ. ನಾವು ಎರಡು ದಿನ ರೌಟರನ್ನು ಅನುಮಾನಿಸಿದೆವು. ಸೀರಿಯಲ್ ಓದನ್ನು ‘ಸ್ಪಾನ್ ಬ್ಲಾಕಿಂಗ್’ ಮೂಲಕ ಬೇರೆ ಥ್ರೆಡ್ಡಿಗೆ ಕಳುಹಿಸಿ, ಅಥವಾ ಅಸಿಂಕ್ ಸೀರಿಯಲ್ ಕ್ರೇಟ್ ಬಳಸಿ.

ಎರಡನೆಯದು ಉತ್ತರದ ಬಾಡಿಯ ಬಗ್ಗೆ. ಸರ್ವರ್ 200 (ಯಶಸ್ವಿ) ಎಂದದ್ದು ನೋಡಿ ಬಾಡಿಯನ್ನು ಓದದೆ ಕೈಬಿಡುವ ಅಭ್ಯಾಸ ಬಹಳ ಜನರಲ್ಲಿದೆ. ಓದದೆ ಉಳಿದ ಬಾಡಿ ಕನೆಕ್ಷನ್ನಿನಲ್ಲಿ ಮುಂದಿನ ಉತ್ತರಕ್ಕೆ ಅಡ್ಡವಾಗಿ ಕೂರುತ್ತದೆ, ಆದ್ದರಿಂದ ಆ ಕನೆಕ್ಷನ್ ಮುಚ್ಚಿಹೋಗಬಹುದು. ಆಗ ಪ್ರತಿ ಅಳತೆಗೂ ಹೊಸ ಟಿಸಿಪಿ, ಹೊಸ ಟಿಎಲ್‌ಎಸ್ ಹ್ಯಾಂಡ್‌ಶೇಕ್. 4ಜಿ ದತ್ತಾಂಶದ ಬಿಲ್ಲಿನಲ್ಲಿ ಇದು ಎದ್ದು ಕಾಣುತ್ತದೆ. ‘ಎಚ್‌ಟಿಟಿಪಿ-ಬಾಡಿ-ಯುಟಿಲ್’ ಕ್ರೇಟಿನ ‘ಕಲೆಕ್ಟ್’ ಬಳಸಿ ಕೊನೆಯವರೆಗೆ ಓದಿ. ಅದೇ ಕ್ರೇಟಿನ ‘ಲಿಮಿಟೆಡ್’ ಎಂಬ ಹೊದಿಕೆಯನ್ನು ಹಾಕಿದರೆ ದೊಡ್ಡ ಬಾಡಿ ಬಂದು ಪೆಟ್ಟಿಗೆಯ ಮೆಮೊರಿ ತುಂಬುವ ಅಪಾಯವೂ ಇರುವುದಿಲ್ಲ. ಸಾಧ್ಯವಿದ್ದರೆ ಸರ್ವರಿನವರಿಗೆ 204 ಎಂಬ ಉತ್ತರ ಕೊಡುವಂತೆ ಹೇಳಿ, ಅದಕ್ಕೆ ಬಾಡಿಯೇ ಇರುವುದಿಲ್ಲ.

ಪರೀಕ್ಷಿಸುವಾಗ ಸರ್ವರ್ ಪ್ರೋಗ್ರಾಮನ್ನು ಕೊಂದು ನೋಡಬೇಡಿ. ಹಾಗೆ ಮಾಡಿದರೆ ಸರ್ವರಿನ ಕರ್ನಲ್ ಸಭ್ಯವಾಗಿ ಕನೆಕ್ಷನ್ ಮುಚ್ಚಿದ ಸುದ್ದಿ ಕಳುಹಿಸುತ್ತದೆ, ಹೈಪರ್ ಕೂಡಲೇ ದೋಷ ತೋರಿಸುತ್ತದೆ, ಎಲ್ಲವೂ ಸರಿಯಿದೆ ಎಂಬ ಭ್ರಮೆ ನಿಮಗಾಗುತ್ತದೆ. ಮಳೆಯಲ್ಲಿ ನಡೆಯುವುದು ಅದಲ್ಲ. ಪ್ಯಾಕೆಟ್ಟುಗಳು ಸದ್ದಿಲ್ಲದೆ ಮಾಯವಾಗುತ್ತವೆ. ಲಿನಕ್ಸಿನ ಪ್ಯಾಕೆಟ್ ತಡೆಗೋಡೆಯಾದ ‘ಐಪಿಟೇಬಲ್ಸ್’ನಲ್ಲಿ ಆ ಸರ್ವರಿಗೆ ಹೋಗಿ ಬರುವ ಪ್ಯಾಕೆಟ್ಟುಗಳನ್ನು ‘ಡ್ರಾಪ್’ ಮಾಡುವ ನಿಯಮ ಹಾಕಿ ಪರೀಕ್ಷಿಸಿ. ‘ರಿಜೆಕ್ಟ್’ ಹಾಕಿದರೆ ಅದೂ ಸುದ್ದಿ ಕೊಡುತ್ತದೆ, ಆದ್ದರಿಂದ ಅದು ಬೇಡ.

ಮರುಪ್ರಶ್ನೆ: ಚಿಂಚವಡ, ಪುಣೆ

ಇಬ್ಬರಿಗೂ ತುಂಬಾ ಧನ್ಯವಾದಗಳು. ವಾಸ್ಕೊದವರು ಊಹಿಸಿದ್ದು ನಿಜ: ನಮ್ಮದು ಒಂದೇ ಥ್ರೆಡ್ಡಿನ ರನ್‌ಟೈಮ್, ಸೀರಿಯಲ್ ಓದು ಅದರೊಳಗೇ ಇತ್ತು. ಅದನ್ನು ಬೇರ್ಪಡಿಸಿದ್ದೇನೆ. ಯೂಸರ್ ಟೈಮ್‌ಔಟನ್ನು 30 ಸೆಕೆಂಡಿಗೆ, ಬಾಡಿಯೂ ಸೇರಿದ ವ್ಯವಹಾರದ ಟೈಮ್‌ಔಟನ್ನು 8 ಸೆಕೆಂಡಿಗೆ ಇಟ್ಟಿದ್ದೇನೆ. ಮೇಜಿನ ಮೇಲೆ ಡ್ರಾಪ್ ನಿಯಮ ಹಾಕಿ ನೋಡಿದಾಗ, ನಿಯಮ ತೆಗೆದ ನಂತರದ ಮೊದಲ ಯತ್ನದಲ್ಲಿಯೇ ಹೊಸ ಕನೆಕ್ಷನ್ ಸಿಕ್ಕಿತು.

ಆದರೆ ಹೊಸದೊಂದು ಚಿಂತೆ ಹುಟ್ಟಿದೆ. ಟೈಮ್‌ಔಟ್ ಆದ ಅಳತೆಯನ್ನು ಮತ್ತೆ ಕಳುಹಿಸುತ್ತೇನೆ. ಸರ್ವರಿನಲ್ಲಿ ಕೆಲವು ಅಳತೆಗಳು ಎರಡೆರಡು ಬಾರಿ ದಾಖಲಾಗಿವೆ. ತಿಂಗಳ ಕೊನೆಯಲ್ಲಿ ಕಾರ್ಖಾನೆಯವರು ಯೂನಿಟ್ಟುಗಳನ್ನು ಕೂಡಿಸುವುದು ಇದೇ ಅಂಕಿಗಳಿಂದ, ಆದ್ದರಿಂದ ಇದನ್ನು ಹೀಗೆಯೇ ಬಿಡುವಂತಿಲ್ಲ. ಜೊತೆಗೆ, ಮಳೆಯಿಲ್ಲದ ದಿನವೂ ಆಗೊಮ್ಮೆ ಈಗೊಮ್ಮೆ ‘ಸಂದೇಶ ಪೂರ್ಣವಾಗುವ ಮುನ್ನ ಕನೆಕ್ಷನ್ ಮುಚ್ಚಿತು’ ಎಂಬರ್ಥದ ದೋಷ ಬರುತ್ತಿದೆ. ಅಳತೆ ಕಳುಹಿಸುವ ಅಂತರವನ್ನು 60 ಸೆಕೆಂಡಿಗೆ ಏರಿಸಿದ ಪೆಟ್ಟಿಗೆಗಳಲ್ಲಿ ಮಾತ್ರ ಹೀಗಾಗುತ್ತಿದೆ.

ಉತ್ತರ: ಮುಲುಂಡ್, ಮುಂಬಯಿ

ಎರಡನೆಯದನ್ನು ಮೊದಲು ಹೇಳುತ್ತೇನೆ, ಏಕೆಂದರೆ 60 ಸೆಕೆಂಡ್ ಎಂಬ ಸುಳಿವನ್ನು ನೀವೇ ಕೊಟ್ಟಿದ್ದೀರಿ. ನಿಮ್ಮ ಸರ್ವರಿನ ಮುಂದಿರುವ ಪ್ರಾಕ್ಸಿ (ರಿಕ್ವೆಸ್ಟುಗಳನ್ನು ಮೊದಲು ಪಡೆದು ಸರ್ವರಿಗೆ ದಾಟಿಸುವ ಪ್ರೋಗ್ರಾಂ) ಸುಮ್ಮನಿರುವ ಕನೆಕ್ಷನ್ನನ್ನು ಸುಮಾರು 60 ಸೆಕೆಂಡಿಗೆ ಮುಚ್ಚುತ್ತಿರಬೇಕು. ಅದು ಮುಚ್ಚಿದ ಸುದ್ದಿ ದಾರಿಯಲ್ಲಿರುವಾಗಲೇ ನಿಮ್ಮ ರಿಕ್ವೆಸ್ಟ್ ಈ ಕಡೆಯಿಂದ ಹೊರಟಿರುತ್ತದೆ; ಎರಡೂ ನಡುದಾರಿಯಲ್ಲಿ ಹಾದುಹೋಗುತ್ತವೆ. ಎಚ್‌ಟಿಟಿಪಿ/1.1ರಲ್ಲಿ ಇದನ್ನು ಪೂರ್ತಿ ತಪ್ಪಿಸುವ ಉಪಾಯವಿಲ್ಲ, ಆದರೆ ಬಹುಪಾಲು ತಪ್ಪಿಸಬಹುದು: ಸರ್ವರಿನ ಅವಧಿಗಿಂತ ಮೊದಲೇ, ಉದಾಹರಣೆಗೆ 45 ಸೆಕೆಂಡ್ ಸುಮ್ಮನಿದ್ದ ಕನೆಕ್ಷನ್ನನ್ನು ನೀವೇ ಕೈಬಿಟ್ಟು ಹೊಸದನ್ನು ತೆರೆಯಿರಿ. ಹೈಪರ್-ಯುಟಿಲಿನ ಪೂಲ್ ಇರುವ ಕ್ಲೈಂಟನ್ನು ಬಳಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಈ ಅವಧಿ ಮೊದಲಿಗೆ 90 ಸೆಕೆಂಡ್ ಇರುವುದರಿಂದ, ಅದಕ್ಕಿಂತ ಬೇಗ ಮುಚ್ಚುವ ಸರ್ವರುಗಳೊಡನೆ ಇದೇ ದೋಷ ಕಾಣಿಸಿಕೊಳ್ಳುತ್ತದೆ.

ಎರಡೆರಡು ದಾಖಲೆಗಳ ವಿಷಯವನ್ನು ಲೈಬ್ರರಿ ಬಗೆಹರಿಸಲಾರದು. ಟೈಮ್‌ಔಟ್ ಆದಾಗ ಸರ್ವರ್ ನಿಮ್ಮ ರಿಕ್ವೆಸ್ಟನ್ನು ನೋಡಲೇ ಇಲ್ಲವೋ, ನೋಡಿ ದಾಖಲಿಸಿ ಉತ್ತರ ಮಾತ್ರ ಕಳೆದುಹೋಯಿತೋ ಎಂಬುದು ಈ ಕಡೆಯಿಂದ ತಿಳಿಯುವುದಿಲ್ಲ. ಒಂದು ಸಂದರ್ಭದಲ್ಲಿ ಮಾತ್ರ ತಿಳಿಯುತ್ತದೆ: ಹೈಪರಿನ ‘ಟ್ರೈ ಸೆಂಡ್ ರಿಕ್ವೆಸ್ಟ್’ ಬಳಸಿದರೆ, ರಿಕ್ವೆಸ್ಟನ್ನು ಬರೆಯಲು ಆರಂಭಿಸುವ ಮೊದಲೇ ಕನೆಕ್ಷನ್ ಹೋಗಿದ್ದಲ್ಲಿ ದೋಷದ ಜೊತೆಗೆ ರಿಕ್ವೆಸ್ಟನ್ನೂ ಹಿಂತಿರುಗಿಸುತ್ತದೆ. ಅದನ್ನು ಧೈರ್ಯವಾಗಿ ಮತ್ತೆ ಕಳುಹಿಸಬಹುದು. ಉಳಿದ ಸಂದರ್ಭಗಳಲ್ಲಿ ಪೋಸ್ಟ್ ರಿಕ್ವೆಸ್ಟನ್ನು ತಾನಾಗಿ ಮರುಕಳುಹಿಸಬಾರದೆಂಬುದು 2022ರ ಜೂನ್‌ನಲ್ಲಿ ಪ್ರಕಟವಾದ, ಎಚ್‌ಟಿಟಿಪಿಯ ಮಾನಕ ದಾಖಲೆಯಾದ ಆರ್‌ಎಫ್‌ಸಿ 9110ರ ನಿಲುವು. ಎಷ್ಟು ಸಲ ಕಳುಹಿಸಿದರೂ ಪರಿಣಾಮ ಒಂದೇ ಆಗಿರುವ ಪುಟ್‌ನಂತಹ ಮೆಥಡ್‌ಗಳಿಗೆ ಆ ತಡೆಯಿಲ್ಲ.

ಆದ್ದರಿಂದ ಪ್ರತಿ ಅಳತೆಗೂ ಪೆಟ್ಟಿಗೆಯ ಗುರುತು ಮತ್ತು ಏರುತ್ತ ಹೋಗುವ ಒಂದು ಕ್ರಮಸಂಖ್ಯೆ ಕೊಡಿ, ಅವೆರಡನ್ನೂ ಯುಆರ್‌ಎಲ್‌ನಲ್ಲಿ ಇಟ್ಟು ಪುಟ್ ಮಾಡಿ, ಸರ್ವರಿನ ಡೇಟಾಬೇಸಿನಲ್ಲಿ ಆ ಜೋಡಿಗೆ ‘ಯುನೀಕ್’ ನಿರ್ಬಂಧ ಹಾಕಿ. ಕ್ರಮಸಂಖ್ಯೆಯನ್ನು ಮೆಮೊರಿಯಲ್ಲಿ ಮಾತ್ರ ಇಡದೆ, ಅಳತೆಯ ಜೊತೆಗೆ ಪೆಟ್ಟಿಗೆಯ ಫ್ಲಾಶ್‌ನಲ್ಲಿ ಬರೆದಿಡಿ. ಕರೆಂಟ್ ಹೋಗಿ ಬಂದ ಮೇಲೆ ಸಂಖ್ಯೆ ಮತ್ತೆ 1ರಿಂದ ಆರಂಭವಾದರೆ ಹೊಸ ಅಳತೆಗಳನ್ನು ಸರ್ವರ್ ಹಳೆಯವೆಂದು ತಳ್ಳಿಹಾಕುತ್ತದೆ. ಈಗಾಗಲೇ ಎರಡು ಬಾರಿ ದಾಖಲಾದವನ್ನು ಮೀಟರಿನ ಸಮಯಮುದ್ರೆಯಿಂದ ಗುರುತಿಸಿ ತೆಗೆಯಬಹುದು. ಸರ್ವರಿಗೆ ತಲುಪಿದ ಸಮಯವನ್ನು ಅದಕ್ಕೆ ಬಳಸಬೇಡಿ, ಎರಡು ಪ್ರತಿಗಳಿಗೆ ಅದು ಬೇರೆ ಬೇರೆಯಾಗಿರುತ್ತದೆ.

ಚಿಂಚವಡ, ಪುಣೆ

ಸಮಯಮುದ್ರೆ ನಮ್ಮ ದತ್ತಾಂಶದಲ್ಲಿ ಮೊದಲಿನಿಂದಲೂ ಇದೆ, ಆದ್ದರಿಂದ ಹಳೆಯದನ್ನು ಸರಿಪಡಿಸಲು ದಾರಿ ಸಿಕ್ಕಿತು. ಪ್ರಾಕ್ಸಿಯ ಸೆಟ್ಟಿಂಗನ್ನು ನೋಡಿದೆ, 60 ಸೆಕೆಂಡೇ ಇತ್ತು. ಕ್ರಮಸಂಖ್ಯೆ ಮತ್ತು ಪುಟ್ ಇರುವ ಹೊಸ ಕೋಡನ್ನು ಸೋಮವಾರ ಭೋಸರಿಯ ಒಂದು ಪೆಟ್ಟಿಗೆಗೆ ಹಾಕಿ, ಒಂದು ವಾರದ ಲಾಗಿನೊಂದಿಗೆ ಇಲ್ಲಿಗೆ ಮರಳಿ ಬರೆಯುತ್ತೇನೆ.